ಔಗುಸ್ತ ಕೈಸರರಿಗೆ ಮೊಳಕಾಲ್ಮೂರಿನಿಂದ ಒಂದು ಬಹಿರಂಗ ಪತ್ರ

ರವರಿಗೆ,
ಶ್ರೀಮನ್ಮಹಾರಾಜ ಔಗುಸ್ತ ಕೈಸರ್ ಅವರು,
ರೋಮಾಪುರಿ.

ವಿಷಯ: ತಾವು ಹೊರಡಿಸಿದ ಖಾನೇಷುಮಾರಿ ಆಜ್ಞೆಗೆ ತಡವಾಗಿ ವಂದನೆ ಸಲ್ಲಿಸುವ ಕುರಿತು.
ಉಲ್ಲೇಖ: ಲೂಕನ ಸುವಾರ್ತೆ, ಎರಡನೆಯ ಅಧ್ಯಾಯ, ಮೊದಲ ಏಳು ವಚನಗಳು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ... ಇಲ್ಲಿಯವರೆಗೆ ಕೈ ತಾನಾಗಿ ಬರೆಯಿತು. ಇಪ್ಪತ್ತೊಂದು ವರ್ಷದ ಟೀಚರ್ ಕೆಲಸದಲ್ಲಿ ಈ ಸಾಲು ಬೆರಳಿಗೇ ಅಂಟಿಕೊಂಡಿದೆ. ಇದರ ಮುಂದೆ ನಾವು ರಜೆ ಕೇಳುತ್ತೇವೆ, ಬಾಕಿ ಭತ್ಯೆ ಕೇಳುತ್ತೇವೆ, ಇಲ್ಲವೇ ನೋಟೀಸಿಗೆ ಸಮಜಾಯಿಷಿ ಕೊಡುತ್ತೇವೆ. ವಂದನೆ ಹೇಳುವುದಕ್ಕೆ ಈ ಸಾಲು ಬಳಸಿದ ನೆನಪಿಲ್ಲ. ಅಭ್ಯಾಸವಿಲ್ಲದ ಕೆಲಸ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಮೊಳಕಾಲ್ಮೂರಿನವಳು. ಚಿತ್ರದುರ್ಗ ಜಿಲ್ಲೆಯ ಮೂಲೆಯ ತಾಲ್ಲೂಕು, ಮಗ್ಗುಲಲ್ಲೇ ಆಂಧ್ರದ ರಾಯದುರ್ಗ. ಸರ್ಕಾರಿ ಶಾಲೆಯಲ್ಲಿ ಟೀಚರು. ನಮ್ಮದು ರೇಷ್ಮೆ ಸೀರೆಗೆ ಹೆಸರಾದ ಊರು, ಮಳೆಗೆ ಹೆಸರಾದ ಊರಲ್ಲ. ನಿಮ್ಮ ಹೆಸರಿಟ್ಟ ತಿಂಗಳು ಒಂದಿದೆಯಲ್ಲ, ಆಗಸ್ಟು, ಆ ತಿಂಗಳಲ್ಲಿ ಮಳೆ ಕೈಕೊಟ್ಟರೆ ಮೊಳಕಾಲ್ಮೂರು, ಚಳ್ಳಕೆರೆ ಎರಡು ಸೀಮೆಯಲ್ಲೂ ಶೇಂಗಾ ಕಾಯಿ ಕಟ್ಟುವುದಿಲ್ಲ. ಆಗ ನಮ್ಮ ರೈತರು ಆಕಾಶ ನೋಡಿಕೊಂಡು ನಿಮ್ಮ ಹೆಸರು ಹೇಳುತ್ತಾರೆ. ಹೇಗೆ ಹೇಳುತ್ತಾರೆ ಅನ್ನುವುದು ಈ ಪತ್ರಕ್ಕೆ ಬೇಡ.

ನಾವು ಕ್ರೈಸ್ತರು. 2011ರ ಜನಗಣತಿಯಂತೆ ಇಡೀ ಕರ್ನಾಟಕದಲ್ಲೇ ನಾವು ನೂರಕ್ಕೆ ಎರಡಾಗುವುದಿಲ್ಲ, 1.87. ಇನ್ನು ನಮ್ಮ ಊರಲ್ಲಿ ಎಷ್ಟು ಮಂದಿ ಎಂದರೆ, ಕ್ಯಾರಲ್ ಹಾಡಲು ಹೊರಟಾಗ ಹಾಡುವವರ ಮನೆಗಳೇ ಕೇಳುವವರ ಮನೆಗಳು. ಒಬ್ಬರು ಗುಂಪು ಬಿಟ್ಟು ಮುಂದೆ ಓಡಿಹೋಗಿ, ತಮ್ಮ ಮನೆ ಬಾಗಿಲು ತಾವೇ ತೆಗೆದು, ಆಶ್ಚರ್ಯಪಟ್ಟು ನಿಲ್ಲಬೇಕು.

ಇಂದು 2025ರ ಡಿಸೆಂಬರ್ 24, ಬುಧವಾರ, ರಾತ್ರಿ ಹನ್ನೊಂದಾಗಿದೆ. ಒಂದು ಸಿ.ಎಲ್. ಖರ್ಚು ಮಾಡಿ ಬೆಳಗಿನಿಂದ ಅಡುಗೆಮನೆಯಲ್ಲಿದ್ದೇನೆ. ಕುಕ್ಕರಿನಲ್ಲಿ ಮರಳು ಹಾಕಿ, ಗ್ಯಾಸ್ಕೆಟ್ಟು, ವಿಷಲ್ಲು ತೆಗೆದಿಟ್ಟು ಬೇಯಿಸಿದ ಕೇಕು ನಡುವೆ ಕುಸಿದು ಕೂತಿದೆ. ಅದೂ ಮೊಟ್ಟೆಯಿಲ್ಲದ ಕೇಕು. ಎದುರುಮನೆಯವರೂ ಬೀದಿಯ ಇನ್ನು ನಾಲ್ಕು ಮನೆಯವರೂ ಮೊಟ್ಟೆ ಹಾಕಿದ್ದು ಮುಟ್ಟುವುದಿಲ್ಲ. ಶಾಲೆಯಲ್ಲಿ ದಿನಾ ಮೊಟ್ಟೆ ಎಣಿಸಿ ರಿಜಿಸ್ಟರಿನಲ್ಲಿ ಬರೆದು, ಮನೆಗೆ ಬಂದು ಮೊಟ್ಟೆಯಿಲ್ಲದ ಕೇಕು ಬೇಯಿಸುವ ಹೆಂಗಸಿನ ಮನಃಸ್ಥಿತಿ ಸಾಮ್ರಾಟರಾದ ತಮಗೆ ಅರ್ಥವಾಗುವುದು ಕಷ್ಟ. ನಾಳೆಯ ಊಟಕ್ಕೆ ಕೋಳಿ ಸಾಕು, ಖರ್ಚು ಉಳಿಯುತ್ತದೆ ಎಂದರೆ, ಕರೆದವರಲ್ಲಿ ಮ್ಯಾಸಬೇಡರ ಮನೆಯವರಿದ್ದಾರೆ, ಅವರು ಕೋಳಿ ಸೇರಿಸುವುದಿಲ್ಲ. ಹಾಗಾಗಿ ಮಟನ್ನು. ನಾದಿನಿ, ಅವಳ ಗಂಡ, ಇಬ್ಬರು ಮಕ್ಕಳು ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹೊರಟಿದ್ದಾರೆ. ಬಸ್ಸಿನವನು ಹಬ್ಬದ ಹೆಸರಲ್ಲಿ ದುಪ್ಪಟ್ಟು ತೆಗೆದುಕೊಂಡನಂತೆ. ನಮ್ಮನೆಯವರು ನಕ್ಷತ್ರ ಕಟ್ಟಲು ಮಾಳಿಗೆ ಹತ್ತಿ ಒಂದು ಗಂಟೆಯಾಯಿತು. ಬಲ್ಬು ಹತ್ತಿಲ್ಲ, ಅವರೂ ಇಳಿದಿಲ್ಲ.

ಈ ಗಡಿಬಿಡಿಯ ಮೂಲ ಹುಡುಕುತ್ತಾ ಹೋದರೆ, ಮಹಾಪ್ರಭುಗಳೇ, ದಾರಿ ನಿಮ್ಮ ಬಾಗಿಲಿಗೆ ಬಂದು ನಿಲ್ಲುತ್ತದೆ.

ಜನಗಣತಿ ಅನ್ನುವುದು ನಾವು ಓದಿದವರ ಮಾತು. ನಮ್ಮತ್ತೆಗೆ ಅದು ಖಾನೇಷುಮಾರಿ. ಪಾರ್ಸಿಯ ಪದ. ಖಾನೆ ಅಂದರೆ ಮನೆ, ಶುಮಾರಿ ಅಂದರೆ ಎಣಿಕೆ. ನೀವು ಮನೆ ಎಣಿಸಿ ಎಂದಿರಿ, ಎಣಿಸಿಕೊಳ್ಳಲಿಕ್ಕೆ ಜನ ಮನೆ ಬಿಟ್ಟು ಹೊರಟರು. ನಜರೇತಿನಿಂದ ಬೆತ್ಲೆಹೇಮಿಗೆ ನೂರು ಕಿಲೋಮೀಟರಿಗೂ ಮೇಲೆ. ನಮ್ಮೂರಿನಿಂದ ತುಂಬು ಗರ್ಭಿಣಿಯನ್ನು ಜಿಲ್ಲಾಸ್ಪತ್ರೆಗೆ ಅಂತ ಚಿತ್ರದುರ್ಗಕ್ಕೆ ಕಳಿಸುವಾಗ, ಆಂಬುಲೆನ್ಸಿನಲ್ಲಿ ಕೂರಿಸಿಯೂ, ದಾರಿಯುದ್ದಕ್ಕೂ ದೇವರ ಹೆಸರು ಹೇಳುತ್ತೇವೆ. ಮರಿಯ ಎಂಬ ಹುಡುಗಿ ಅಂಥ ಹೊಟ್ಟೆ ಹೊತ್ತುಕೊಂಡು, ನಿಮ್ಮ ಒಂದು ಕಾಲಂ ತುಂಬಲಿಕ್ಕೆ ನಡೆದಳು.

ನೀವು ನಿಮ್ಮ ಸಾಧನೆಯನ್ನೆಲ್ಲ ಬರೆಸಿಟ್ಟಿದ್ದೀರಿ. ಇಂದಿನ ಟರ್ಕಿಯ ಅಂಕಾರಾದಲ್ಲಿ ಅದು ಗೋಡೆಯ ಮೇಲೆ ಈಗಲೂ ಇದೆ. ಮೂರು ಸಲ ಗಣತಿ ಮಾಡಿಸಿದೆ, ಎರಡನೆಯದರಲ್ಲಿ ರೋಮಿನ ಪ್ರಜೆಗಳು 42 ಲಕ್ಷದ 33 ಸಾವಿರ ಸಿಕ್ಕರು ಎಂದು ಲೆಕ್ಕ ಕೊಟ್ಟಿದ್ದೀರಿ. ಆ ಲೆಕ್ಕದಲ್ಲಿ ಮರಿಯಳ ಗಂಡ, ಬಡಗಿ ಯೋಸೇಫ ಇಲ್ಲ, ಅವನು ರೋಮಿನ ಪ್ರಜೆಯಲ್ಲ. ಲೂಕ ಹೇಳುವ ಗಣತಿ ಬೇರೆ, ಸುರಿಯದ ಅಧಿಪತಿ ಕುರೇನ್ಯನ ಕಾಲದ್ದು. ಅದು ಕ್ರಿ.ಶ. 6ರಲ್ಲಿ ನಡೆದದ್ದು, ಯೇಸು ಹುಟ್ಟಿದಾಗ ಅರಸನಾಗಿದ್ದ ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ, ಸುಮಾರು ಹತ್ತು ವರ್ಷದ ಲೆಕ್ಕ ತಾಳೆಯಾಗುವುದಿಲ್ಲ ಎಂದು ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ. ಮನೆ ಮನೆ ಸಮೀಕ್ಷೆ ಮಾಡಿದ ನನಗೆ ಇದೇನೂ ದೊಡ್ಡದಾಗಿ ಕಾಣಲಿಲ್ಲ. ನಮ್ಮ ಬೀದಿಯಲ್ಲೇ ಆಧಾರ್ ಪ್ರಕಾರ ತಾಯಿಗಿಂತ ಮಗ ಹನ್ನೊಂದೇ ವರ್ಷ ಚಿಕ್ಕವನು.

ಹೌದು, ನಾನೂ ಗಣತಿದಾರಳೇ. 2025ರ ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾಯಿತಲ್ಲ, ಅರವತ್ತು ಪ್ರಶ್ನೆ, ಮೊಬೈಲಿನ ಆ್ಯಪು, ಮನೆ ಬಾಗಿಲಿಗೆ ನಂಬರಿನ ಚೀಟಿ. ದಸರಾ ರಜೆ ಅದಕ್ಕೇ ಹೋಯಿತು. ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ಮಕ್ಕಳಿಗೆ ರಜೆ, ನಮಗೆ ಬೀದಿ. ಹಿಂದುಳಿದ ಪಾಠ ತುಂಬಿಸಲು ನವೆಂಬರ್, ಡಿಸೆಂಬರಿನಲ್ಲಿ ಬೆಳಿಗ್ಗೆ ಸಂಜೆ ಹೆಚ್ಚಿನ ಕ್ಲಾಸು. ನಡುವೆ ಪ್ರತಿಭಾ ಕಾರಂಜಿ, ನಡುವೆ ಶಾಲಾ ಪ್ರವಾಸ. ಎಲ್ಲದಕ್ಕೂ ರಾತ್ರಿ ಹತ್ತೂಮುಕ್ಕಾಲಿಗೆ ವಾಟ್ಸ್ಆ್ಯಪಿನಲ್ಲಿ ಒಂದು ಮೆಸೇಜು: ಕಡ್ಡಾಯ, ತುರ್ತು, ತಪ್ಪಿದಲ್ಲಿ ಶಿಸ್ತುಕ್ರಮ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಸಭೆಯಲ್ಲಿ ಆಗಮನ ಕಾಲ ಎನ್ನುತ್ತಾರೆ, ಮೌನವಾಗಿ ಕಾಯುವ ಕಾಲ. ನಾನು ಕಾದದ್ದು ನೆಟ್‌ವರ್ಕಿಗೆ, ಒ.ಟಿ.ಪಿ.ಗೆ ಮತ್ತು ಗ್ಯಾಸ್ ಸಿಲಿಂಡರಿಗೆ.

ಅದೇ ಸಮೀಕ್ಷೆಯಲ್ಲಿ ನಮ್ಮನ್ನೂ ಬರೆದುಕೊಂಡರು. ಪಕ್ಕದ ಶಾಲೆಯ ಮೇಷ್ಟ್ರು ಬಂದಿದ್ದರು. ಜಾತಿಪಟ್ಟಿಯಲ್ಲಿ ಮೊದಲು ಕ್ರೈಸ್ತರ ಹೆಸರಿಗೆ ಬೇರೆ ಬೇರೆ ಜಾತಿ ಅಂಟಿಸಿದ ಹೆಸರುಗಳಿದ್ದವು, ಒಕ್ಕಲಿಗ ಕ್ರಿಶ್ಚಿಯನ್, ಕುರುಬ ಕ್ರಿಶ್ಚಿಯನ್ ಹೀಗೆ. ಗಲಾಟೆಯಾಯಿತು. 33 ಹೆಸರುಗಳನ್ನು ಆ್ಯಪಿನಲ್ಲಿ ಕಾಣದ ಹಾಗೆ ಮಾಡಿದರು. ಅದರ ರಾಜಕೀಯ ದೊಡ್ಡವರಿಗೆ ಬಿಟ್ಟದ್ದು. ಆದರೆ ನಮ್ಮತ್ತೆ ಮೇಷ್ಟ್ರನ್ನು ಕೂರಿಸಿ ಹೇಳಿದ ಮಾತು ಬರೆಯದೆ ಇರಲಾರೆ: "ಅಲ್ರೀ ಮೇಷ್ಟ್ರೇ, ಯೇಸಪ್ಪ ಹುಟ್ಟಿದ ರಾತ್ರಿ ದೇವದೂತರು ಸುದ್ದಿ ಹೇಳಿದ್ದು ಯಾರಿಗೆ? ನಮ್ಮ ಕನ್ನಡ ಬೈಬಲ್ ತೆಗೆದು ನೋಡ್ರಿ. ಕುರುಬರಿಗೆ! ಹಂಗಾದ್ರೆ ಮೊದಲನೇ ಕ್ರಿಶ್ಚಿಯನ್ನರು ಯಾರಾದ್ರು?" ಮೇಷ್ಟ್ರಿಗೆ ಇನ್ನೂ ಹದಿನೆಂಟು ಮನೆ ಬಾಕಿಯಿತ್ತು. ಟೀ ಕುಡಿದು ಎದ್ದರು.

ಅತ್ತೆಯ ವಾದವನ್ನು ಕಳೆದ ಭಾನುವಾರ ನಾಟಕದಲ್ಲಿ ನಾವು ನಿಜ ಮಾಡಿ ತೋರಿಸಿದೆವು. ಸಂಡೇ ಸ್ಕೂಲಿನ ಮಕ್ಕಳ ನಾಟಕ. ಬೇರೆ ಊರಿನಲ್ಲಿ ಕುರುಬರ ಪಾತ್ರಕ್ಕೆ ಬೆಡ್‌ಶೀಟು ಸುತ್ತುತ್ತಾರೆ. ನಮ್ಮಲ್ಲಿ ಚಳ್ಳಕೆರೆಯ ಅಸಲು ಕಂಬಳಿ, ಉಣ್ಣೆಯ ವಾಸನೆ ಸಮೇತ. ದೇವದೂತಳ ರೆಕ್ಕೆಗೆ ಮಗ್ಗದ ಮನೆಯಿಂದ ತಂದ ಜರಿಯ ಚೂರು. ಗೋದಲಿಗೆ ಹುಲ್ಲಿನ ಬದಲು ಶೇಂಗಾ ಬಳ್ಳಿ ಹಾಸಿದ್ದೆವು. ಎರಡನೇ ದೃಶ್ಯ ಮುಗಿಯುವುದರೊಳಗೆ ಮೇಕೆಮರಿ ಅದನ್ನೆಲ್ಲ ತಿಂದು, ಬಾಲಯೇಸುವಿನ ಗೊಂಬೆ ಬರೀ ಹಲಗೆಯ ಮೇಲೆ ಮಲಗಿತು. ತಮ್ಮ ಪಾತ್ರವೂ ಇತ್ತು. ಮೂರನೇ ಕ್ಲಾಸಿನ, ಇಡೀ ಗುಂಪಿನಲ್ಲಿ ಗಿಡ್ಡನೆಯ ಹುಡುಗ ಔಗುಸ್ತ ಕೈಸರ್. ಒಂದೇ ಮಾತು, ಅದನ್ನು ಬರೆದವಳು ನಾನು. ರಟ್ಟಿನ ಕಿರೀಟ ಸರಿಮಾಡಿಕೊಂಡು ಅವನು ಓದಿದ: "ಸಮಸ್ತ ಪ್ರಜೆಗಳು ಅವರವರ ಸ್ವಂತ ಊರಿಗೆ ತೆರಳಿ ಹೆಸರು ಬರೆಸತಕ್ಕದ್ದು. ಇದು ಕಡ್ಡಾಯ. ತಪ್ಪಿದಲ್ಲಿ ಶಿಸ್ತುಕ್ರಮ." ಸಭೆಯಲ್ಲಿ ಕೂತಿದ್ದ ಏಳು ಜನ ಶಿಕ್ಷಕರು ಎದ್ದುನಿಂತು ಚಪ್ಪಾಳೆ ಹೊಡೆದರು. ಉಳಿದವರಿಗೆ ಯಾಕೆಂದು ತಿಳಿಯಲಿಲ್ಲ.

ಇಲ್ಲಿ ನಿಮಗೊಂದು ಚಾಡಿ ಹೇಳಬೇಕು. ಆಜ್ಞೆ ಹೊರಡಿಸುವ ರೀತಿ ನಮ್ಮ ತಾಲ್ಲೂಕಿನಲ್ಲಿ ಇದಕ್ಕಿಂತ ಚೆನ್ನಾಗಿತ್ತು, ಅದೂ ನಿಮಗಿಂತ ಇನ್ನೂರು ವರ್ಷಕ್ಕೂ ಮುಂಚೆ. ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ, ಮೂರೂ ಕಡೆ ಅಶೋಕನ ಶಾಸನಗಳಿವೆ. ಬ್ರಹ್ಮಗಿರಿಯ ಬಂಡೆಗೆ ಜನ ಅಕ್ಷರಗುಂಡು ಅನ್ನುತ್ತಾರೆ. ದುಡ್ಡಿಲ್ಲದ ಶಾಲೆಯ ಪ್ರವಾಸ ಎಂದರೆ ಇನ್ನೆಲ್ಲಿಗೆ, ಈ ಡಿಸೆಂಬರಿನಲ್ಲೂ ಮಕ್ಕಳನ್ನು ಅಲ್ಲಿಗೇ ಕರೆದೊಯ್ದೆ. ಆ ಶಾಸನ ನಿಜಕ್ಕೂ ಒಂದು ಪತ್ರ. ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಸಿಲದ ಮಹಾಮಾತ್ರರಿಗೆ ಕಳಿಸಿದ್ದು. ಆಜ್ಞೆ ಶುರುವಾಗುವ ಮೊದಲು ಏನಿದೆ ಗೊತ್ತೇ? ಆರೋಗ್ಯ ವಿಚಾರಣೆ! ಚೆನ್ನಾಗಿದ್ದೀರಾ ಎಂದು ಕೇಳಿ ಆಮೇಲೆ ಕೆಲಸ ಹೇಳಿದ್ದಾರೆ. ತಂದೆತಾಯಿಯ ಮಾತು ಕೇಳಬೇಕು, ಸತ್ಯ ಹೇಳಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು ಎಂದೆಲ್ಲ ಕಲ್ಲಿನಲ್ಲಿ ಕೊರೆಸಿದ್ದಾರೆ. ಗುರುಗಳನ್ನು ಮನೆ ಮನೆಗೆ ಕಳಿಸಬೇಕು ಎಂದು ಎಲ್ಲಿಯೂ ಇಲ್ಲ, ನಾನು ಎರಡು ಸಲ ಸುತ್ತು ಹಾಕಿ ನೋಡಿದೆ. ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರು ಹಾಕಿಕೊಂಡಿದ್ದಾನೆ. ಯಾರದೋ ಆಜ್ಞೆಯನ್ನು ಯಾವುದೋ ಬಿಸಿಲಲ್ಲಿ ಬರೆದುಹಾಕಿದ ಗುಮಾಸ್ತ. ಅವನ ಹೆಸರು ಕಂಡಾಗಲೆಲ್ಲ ನನಗೆ ಬಳಗದವನನ್ನು ಕಂಡ ಹಾಗೆ.

ಈ ಶಾಸನಗಳನ್ನು 1892ರಲ್ಲಿ ಹೊರಗಿನ ಲೋಕಕ್ಕೆ ತೋರಿಸಿದ ಬಿ.ಎಲ್. ರೈಸ್ ಬೆಂಗಳೂರಿನ ಲಂಡನ್ ಮಿಷನ್ ಪಾದ್ರಿಯ ಮಗ. ಅದೇ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಬೈಬಲಿಗೆ ಕೈಹಾಕಿದವರು. ಬಳ್ಳಾರಿ ನಮಗೆ ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮರಳುವಷ್ಟು ದೂರ. ಗೋದಲಿ, ಛತ್ರ, ಕುರುಬರು ಎನ್ನುವ ಮಾತುಗಳು ಕನ್ನಡದ ಕ್ರಿಸ್ಮಸ್ಸಿಗೆ ಸೇರಿದ್ದು ಹೀಗೆ ಬಿಸಿಲಲ್ಲಿ ಕೂತು ಮುನ್ಷಿಗಳನ್ನು ಕೇಳಿ ಕೇಳಿ ಬರೆದವರಿಂದ.

ಇನ್ನು ವಂದನೆಯ ವಿಷಯ.

ಕಳೆದ ವರ್ಷ ಇದೇ ಹೊತ್ತಿಗೆ ನಾದಿನಿ ನನಗೊಂದು ಪುಸ್ತಕ ಉಡುಗೊರೆ ಕೊಟ್ಟಳು. ದಪ್ಪ ರಟ್ಟು, ಚಿನ್ನದ ಅಕ್ಷರ, ಗ್ರ್ಯಾಟಿಟ್ಯೂಡ್ ಜರ್ನಲ್. "ಅತ್ತಿಗೆ, ನಿಮಗೆ ಟೆನ್ಷನ್ ಜಾಸ್ತಿ. ದಿನಾ ಮಲಗೋ ಮುಂಚೆ ದೇವರು ಕೊಟ್ಟಿದ್ದು ಮೂರು ಬರೀರಿ, ಎಲ್ಲಾ ಸರಿಹೋಗುತ್ತೆ" ಎಂದಳು. ಮೊದಲ ದಿನ ಬರೆದೆ: ಆರೋಗ್ಯ, ಸಂಸಾರ, ನೌಕರಿ. ಎರಡನೇ ದಿನ ಅದನ್ನೇ ಹಿಂದುಮುಂದು ಮಾಡಿ ಬರೆದೆ. ನಾಲ್ಕನೇ ದಿನ "ಸದರಿ" ಎಂದು ಬರೆದು ಕೆಳಗೆ ಸಹಿ ಹಾಕಿದೆ. ಹಾಜರಿ ಪುಸ್ತಕದ ಚಾಳಿ. ಹತ್ತನೇ ದಿನದಿಂದ ಆ ಪುಸ್ತಕ ಹಾಲಿನ ಲೆಕ್ಕಕ್ಕೆ ಬಿತ್ತು. ಕಾಗದ ಒಳ್ಳೆಯದಿತ್ತು, ಶಾಯಿ ಒಡೆಯುತ್ತಿರಲಿಲ್ಲ.

ತಪ್ಪು ನಾದಿನಿಯದಲ್ಲ. ನಮ್ಮ ಸಭೆಯಲ್ಲಿ ಸ್ತೋತ್ರ ಎನ್ನುವ ಮಾತು ಎಷ್ಟು ಧಾರಾಳ ಎಂದರೆ, ಎದುರು ಸಿಕ್ಕರೆ ಸ್ತೋತ್ರ, ಫೋನ್ ಎತ್ತಿದರೆ ಸ್ತೋತ್ರ, ಕರೆಂಟು ಬಂದರೆ ಸ್ತೋತ್ರ. ಹೇಳುವುದು ರೂಢಿಯಾದಷ್ಟೂ ಯಾರಿಗೆ, ಯಾತಕ್ಕೆ ಅನ್ನುವುದು ಸವೆಯುತ್ತದೆ. ನಮ್ಮ ಪಾಸ್ಟರ್ ಅಯ್ಯನವರು ತಿಂಗಳಿಗೆರಡು ಸಲ ಬಸ್ಸಿನಲ್ಲಿ ಬರುತ್ತಾರೆ, ಒಳ್ಳೆಯವರು. ಡಿಸೆಂಬರ್ ಮೊದಲ ಭಾನುವಾರ ಅವರು ಕೊಟ್ಟ ಪ್ರಸಂಗದಲ್ಲಿ ಒಂದು ಇಂಗ್ಲಿಷ್ ಪುಸ್ತಕದ ಉಪಮೆ ಇತ್ತು. ಬದುಕು ಒಂದು ಕಸೂತಿ ಬಟ್ಟೆ, ನಮಗೆ ಕಾಣುವುದು ಅದರ ಹಿಂಭಾಗ, ಬರೀ ಗಂಟು, ಸಿಕ್ಕು. ದೇವರಿಗೆ ಕಾಣುವುದು ಮುಂಭಾಗದ ಚಿತ್ತಾರ, ಆದ್ದರಿಂದ ಎಲ್ಲದಕ್ಕೂ ಕೃತಜ್ಞರಾಗಿರಿ ಎಂದು. ಅಂದು ನಮ್ಮ ಎದುರುಮನೆಯ ಅಜ್ಜ, ಐವತ್ತು ವರ್ಷ ಕುಣಿಮಗ್ಗದಲ್ಲಿ ಕೂತ ನೇಕಾರ, ಊಟಕ್ಕೆ ಕರೆದಿದ್ದೆವೆಂದು ಬಂದು ಕೊನೇ ಸಾಲಿನಲ್ಲಿ ಕೂತಿದ್ದ. ಹೊರಗೆ ಬಂದು ನನ್ನ ಕಿವಿಯಲ್ಲಿ ಹೇಳಿದ: "ನಿಮ್ಮ ಅಯ್ಯನೋರು ಮಗ್ಗ ನೋಡಿಲ್ಲ ಕಣಮ್ಮ. ಹಿಂದ್ಗಡೆ ಅಷ್ಟೊಂದು ಗಂಟು ಬಿಟ್ರೆ ಸಾವ್ಕಾರ ಸೀರೇನ ಮುಖಕ್ಕೆ ಒಗೀತಾನೆ."

ಅದೇ ಅಯ್ಯನವರು ಎರಡನೇ ಸಲ ಬಂದಾಗ ಆ ಉಪಮೆಯ ಸಾಲ ತೀರಿಸಿದರು. ಅಪೊಸ್ತಲ ಪೌಲ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ ಕೃತಜ್ಞತೆ ಸಲ್ಲಿಸಿ ಅನ್ನುವುದು ಎಲ್ಲದಕ್ಕೂ ಅಲ್ಲ, ಎಲ್ಲದರಲ್ಲೂ ಎಂದರು. ನಾನು ಕನ್ನಡ ವ್ಯಾಕರಣ ಹೇಳಿಕೊಡುವವಳು, ಬೆಂಚಿನಲ್ಲಿ ನೆಟ್ಟಗೆ ಕೂತೆ. ಚತುರ್ಥಿಯಲ್ಲ, ಸಪ್ತಮಿ! ಕುಸಿದ ಕೇಕಿಗೆ ಸ್ತೋತ್ರ ಹೇಳಬೇಕಾಗಿಲ್ಲ, ಕೇಕು ಕುಸಿದ ಅಡುಗೆಮನೆಯಲ್ಲಿ ನಿಂತು ಹೇಳಲು ಏನಾದರೂ ಇದೆಯೇ ಎಂದು ನೋಡಬೇಕು. ಒಂದೇ ವಿಭಕ್ತಿಯಿಂದ ಅರ್ಧ ಭಾರ ಇಳಿಯಿತು. ಎಫೆಸದವರಿಗೆ ಬರೆದದ್ದರಲ್ಲಿ ಎಲ್ಲಕ್ಕಾಗಿ ಎಂದೇ ಇದೆಯಲ್ಲ ಅಯ್ಯನವರೇ ಎಂದು ಕೇಳೋಣವೆಂದಿದ್ದೆ. ಅವರಿಗೆ ಬಸ್ಸಿಗೆ ಹೊತ್ತಾಗಿತ್ತು.

ಹತ್ತು ಜನ ಕುಷ್ಠರೋಗಿಗಳ ಕಥೆ ಪ್ರತಿ ವರ್ಷ ಬರುತ್ತದೆ. ವಾಸಿಯಾದ ಹತ್ತು ಜನರಲ್ಲಿ ಒಬ್ಬನೇ ತಿರುಗಿ ಬಂದು ವಂದನೆ ಹೇಳಿದ, ಮಿಕ್ಕ ಒಂಬತ್ತು ಮಂದಿ ಎಲ್ಲಿ ಎಂದು ಕರ್ತನು ಕೇಳಿದ. ಪ್ರಸಂಗ ಮಾಡುವವರೆಲ್ಲ ಆ ಒಂಬತ್ತು ಜನರನ್ನು ಬೈಯುತ್ತಾರೆ. ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ. ಯಾಜಕರಿಗೆ ಮೈ ತೋರಿಸಿಕೊಳ್ಳಿ ಎಂದು ಅವರನ್ನು ಕಳಿಸಿದ್ದು ಕರ್ತನೇ. ಅಂದರೆ ವಾಸಿಯಾದದ್ದಕ್ಕೆ ದೃಢೀಕರಣ. ಪಾಪ, ಕಚೇರಿಯ ಮುಂದೆ ಸರದಿಯಲ್ಲಿ ನಿಂತಿದ್ದಾರೆ, ನಂಬರು ಬಂದಿಲ್ಲ. ನಾನು ಆ ಒಂಬತ್ತರಲ್ಲಿ ಒಬ್ಬಳು. ವರ್ಷವಿಡೀ ಸರದಿಯಲ್ಲಿದ್ದೇನೆ.

ಸರದಿಯಿಂದ ನನ್ನನ್ನು ಹೊರಗೆಳೆದದ್ದು ಹಾಲಿನ ಲೆಕ್ಕ. ಮೊನ್ನೆ ಹಾಲಿನವಳು ಅಕ್ಟೋಬರಿನ ಬಾಕಿ ಇದೆ ಎಂದಳು, ಇಲ್ಲ ಎಂದೆ, ಚಿನ್ನದ ಅಕ್ಷರದ ಪುಸ್ತಕ ತೆಗೆದೆ. ಬಾಕಿ ಇತ್ತು. ಅದರ ಅಕ್ಕಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ಬೇರೆ ಸಾಲುಗಳಿದ್ದವು, ಅವಸರದಲ್ಲಿ ಗೀಚಿದ್ದು. "ಪವರ್ ಬ್ಯಾಂಕು, ಮೊಬೈಲ್ ಅಂಗಡಿ ಹುಡುಗಂದು, ವಾಪಸ್ ಕೊಡಬೇಕು." "ಮೈದಾ 2 ಕೆ.ಜಿ., ಎದುರುಮನೆ, ಕೊಡಬೇಕು." "ನನ್ನ ಕ್ಲಾಸು ನೋಡಿಕೊಂಡದ್ದು ಉರ್ದು ಶಾಲೆ ಮೇಡಂ, ಮೂರು ದಿನ, ಅವರಿಗೂ ಮಾಡಬೇಕು." "ಅಜ್ಜನ ಮನೆ, ಒಂದೂವರೆ ಗಂಟೆ."

ಕೊನೆಯ ಸಾಲಿನ ಮುಂದೆ ಏನೂ ಬರೆದಿರಲಿಲ್ಲ. ಏನು ವಾಪಸ್ ಕೊಡಬೇಕೆಂದು ಅಂದು ತಿಳಿದಿರಲಿಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ. ನಮ್ಮ ಬೀದಿಯಲ್ಲಿ ಸಿಗ್ನಲ್ ಸಿಗುವುದು ಅಜ್ಜನ ಮಗ್ಗದ ಕೋಣೆಯ ಕಿಟಕಿಯಲ್ಲಿ ಮಾತ್ರ. ಫೋನನ್ನು ಕಿಟಕಿಯ ಸರಳಿಗೆ ಆನಿಸಿಟ್ಟು ನಾನು ಮಗ್ಗದ ಪಕ್ಕ ಚಾಪೆಯ ಮೇಲೆ ಕೂತೆ. ಅಜ್ಜ ಗುಂಡಿಯಲ್ಲಿ ಕಾಲಿಟ್ಟು ಕೂತವನು ಲಾಳಿ ಕೈಬಿಟ್ಟ. ಹಸಿರು ಒಡಲು, ಕೆಂಪು ಅಂಚು, ಸೆರಗು ಇನ್ನೂ ಬಂದಿರಲಿಲ್ಲ. ಅಂಥ ಸೀರೆಗೆ ಭೌಗೋಳಿಕ ಸೂಚಕ ಎಂಬ ದೊಡ್ಡ ಹೆಸರಿನ ಸರ್ಟಿಫಿಕೇಟು ಇದೆ. ಅದನ್ನು ನೇಯ್ದವನ ಹೆಂಡತಿ ಅಂಥದ್ದು ಒಂದನ್ನೂ ಉಟ್ಟಿರಲಿಲ್ಲ. ಒ.ಟಿ.ಪಿ. ಬರಲಿಲ್ಲ. ಬಂತು, ಹೊತ್ತು ಮೀರಿತ್ತು. ಮತ್ತೆ ಕಳಿಸಿದೆ. ಕುಲಕಸುಬು? "ಕಾಣ್ತೈತಲ್ಲ." ಓದು? "ಮೂರನೇ ಕ್ಲಾಸು ಬಿಟ್ಟೆ, ನಿಮ್ಮಂಥ ಟೀಚರಮ್ಮ ಇರ್ಲಿಲ್ಲ." ಅರವತ್ತು ಪ್ರಶ್ನೆ ಮುಗಿಯುವ ಹೊತ್ತಿಗೆ ಒಂದೂವರೆ ಗಂಟೆ. ಮಗ್ಗ ನಿಂತರೆ ಕೂಲಿಯೂ ನಿಂತ ಹಾಗೆ, ಅದು ಗೊತ್ತಿದ್ದೂ ನಾನು ಆ ಮಾತು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಹೊರಡುವಾಗ ಕೇಳಿದ: "ನಮ್ಮನ್ನ ನೀವು ಬರ್ಕೊಂಡ್ರಿ. ನಿಮ್ಮನ್ನ ಯಾರು ಬರ್ಕೊಂತಾರೆ ಟೀಚರಮ್ಮ?" ಪಕ್ಕದ ಶಾಲೆ ಮೇಷ್ಟ್ರು ಎಂದೆ. "ಅದಲ್ಲ" ಎಂದ. ಅಷ್ಟರಲ್ಲಿ ಮುಂದಿನ ಮನೆಯವರು ಬಾಗಿಲು ಹಾಕಿ ಹೊಲಕ್ಕೆ ಹೊರಟಿದ್ದರು, ಓಡಿದೆ.

ಬೆತ್ಲೆಹೇಮಿನಲ್ಲೂ ಇಂಥ ಒಬ್ಬನಿದ್ದಾನೆ, ಮಹಾಪ್ರಭುಗಳೇ. ಛತ್ರದಲ್ಲಿ ಜಾಗ ಇರಲಿಲ್ಲ ಎಂದು ಲೂಕ ಬರೆದ. ಕೊಟ್ಟಿಗೆ ಎಂದು ಸಹ ಅವನು ಬರೆದಿಲ್ಲ, ಗೋದಲಿ ಎಂದ ಅಷ್ಟೆ. ಆದರೆ ಗೋದಲಿ ಇದ್ದಲ್ಲಿ ದನ ಇರಬೇಕು, ದನ ಇದ್ದಲ್ಲಿ ದನದ ಯಜಮಾನ ಇರಬೇಕು. ಆ ರಾತ್ರಿ ಯಾರೋ ಒಬ್ಬರು ಮೇವು ಸರಿಸಿ, ಗೋದಲಿ ಒರೆಸಿ, ಬಸುರಿ ಹೆಂಗಸಿಗೆ ಜಾಗ ಬಿಟ್ಟಿದ್ದಾರೆ. ಬಿಸಿನೀರು ಕಾಯಿಸಿದವಳು ಯಾರೋ ಇದ್ದಾಳೆ. ನಿಮ್ಮ ಗಣತಿಯಲ್ಲಿ ಅವರು ಎಷ್ಟನೇ ಮನೆಯೋ ಗೊತ್ತಿಲ್ಲ, ಲೂಕನ ಪುಸ್ತಕದಲ್ಲೂ ಹೆಸರಿಲ್ಲ, ನಾಟಕದಲ್ಲಿ ಪಾತ್ರವಿಲ್ಲ. ಇಪ್ಪತ್ತು ವರ್ಷ ನಾಟಕ ಆಡಿಸಿ ನನಗೂ ಅವರು ಹೊಳೆದಿರಲಿಲ್ಲ. ಹಾಲಿನ ಲೆಕ್ಕದ ಮುಂದೆ ಕೂತಾಗ ಹೊಳೆದರು.

ಕೃತಜ್ಞ ಎಂದರೆ ಮಾಡಿದ್ದನ್ನು ಬಲ್ಲವನು. ಇಷ್ಟು ವರ್ಷ ಮಕ್ಕಳಿಗೆ ಪದದ ಅರ್ಥ ಬರೆಸಿದ್ದೇನೆ. ಅದರಲ್ಲಿ ಸಂತೋಷವಾಗಿರಬೇಕು ಎಂದಿಲ್ಲ, ಮನಸ್ಸು ಶಾಂತವಾಗಿರಬೇಕು ಎಂದಿಲ್ಲ. ಯಾರು ಏನು ಮಾಡಿದರು ಎಂದು ತಿಳಿದಿರಬೇಕು, ಅಷ್ಟೇ. ನಮ್ಮ ಸೀಮೆಯಲ್ಲಿ ಇದಕ್ಕೆ ಋಣ ಎನ್ನುತ್ತಾರೆ, ತಣ್ಣಗೆ ಲೆಕ್ಕ ಇಡುತ್ತಾರೆ, ತೀರಿಸಲಾಗದ್ದನ್ನು ತೀರಿಸಲಾಗದ್ದು ಎಂದೇ ಬರೆದುಕೊಳ್ಳುತ್ತಾರೆ. ನಾನು ನಂಬುವ ದೇವರು ನನಗೆ ಏನೇನು ಕೊಟ್ಟ ಎಂದು ಮೂರು ಸಾಲು ಬರೆಯಲು ಕೂತಾಗ ಪೆನ್ನು ಓಡಲಿಲ್ಲ. ಯಾರ ಯಾರ ಕೈಯಲ್ಲಿ ಕೊಟ್ಟು ಕಳಿಸಿದ ಎಂದು ನೋಡಿದರೆ ವರ್ಷದ ಪುಸ್ತಕ ತುಂಬಿತ್ತು, ನನಗೇ ಗೊತ್ತಿಲ್ಲದ ಹಾಗೆ.

ಆದ್ದರಿಂದ ತಮಗೆ ವಂದನೆ. ನಿಮ್ಮ ಆಜ್ಞೆ ಇಲ್ಲದಿದ್ದರೆ ಮರಿಯಳಿಗೆ ನಜರೇತಿನಲ್ಲಿ, ತಾಯಿ ಮನೆಯಲ್ಲಿ, ಎಣ್ಣೆನೀರಿನ ಬಾಣಂತನ ಆಗುತ್ತಿತ್ತು. ಬೆತ್ಲೆಹೇಮಿನಲ್ಲಿ ಹುಟ್ಟುತ್ತಾನೆ ಎಂಬ ಮೀಕನ ಪ್ರವಾದನೆ ಪುಸ್ತಕದಲ್ಲೇ ಉಳಿಯುತ್ತಿತ್ತು. ಗೋದಲಿ ಇರುತ್ತಿರಲಿಲ್ಲ, ಕುರುಬರು ಬರುತ್ತಿರಲಿಲ್ಲ, ನಮ್ಮ ಮೇಕೆಮರಿಗೆ ಶೇಂಗಾ ಬಳ್ಳಿ ಸಿಗುತ್ತಿರಲಿಲ್ಲ. ನಿಮಗೆ ಇದಾವುದೂ ಗೊತ್ತಿರಲಿಲ್ಲ. ನೀವು ಮಾಡಿದ್ದು ತೆರಿಗೆಗಾಗಿ. ಗೊತ್ತಿಲ್ಲದೆ ಮಾಡಿದ ಉಪಕಾರವನ್ನೂ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಹಾಗೆಯೇ ನನ್ನ ದಸರಾ ರಜೆ ತಿಂದ ಸಮೀಕ್ಷೆ ಇರದಿದ್ದರೆ, ಹದಿನೈದು ವರ್ಷ ಎದುರುಮನೆಯಲ್ಲಿದ್ದೂ ನಾನು ಅಜ್ಜನ ಮಗ್ಗದ ಪಕ್ಕ ಒಂದೂವರೆ ಗಂಟೆ ಕೂರುತ್ತಿರಲಿಲ್ಲ. ಆಜ್ಞೆಗೆ ಕೃತಜ್ಞತೆಯಿಲ್ಲ, ಆಜ್ಞೆಯಲ್ಲಿ ಇದೆ. ಸಪ್ತಮಿ ವಿಭಕ್ತಿ, ದಯವಿಟ್ಟು ಗಮನಿಸಿ.

ಕೊನೆಯದಾಗಿ ಒಂದು ಮನವಿ. 2026ರ ಏಪ್ರಿಲಿನಿಂದ ಸೆಪ್ಟೆಂಬರಿನೊಳಗೆ ಮತ್ತೆ ಮನೆಪಟ್ಟಿ, 2027ರ ಫೆಬ್ರವರಿಯಲ್ಲಿ ಮತ್ತೆ ತಲೆ ಎಣಿಕೆ ಎಂದು ಪತ್ರಿಕೆಯಲ್ಲಿ ಬಂದಿದೆ. ಪಟ್ಟಿಯಲ್ಲಿ ನನ್ನ ಹೆಸರು ಇರುತ್ತದೆ, ಅದರಲ್ಲಿ ಸಂಶಯವಿಲ್ಲ. ಹೋಗುತ್ತೇನೆ. ತಮ್ಮ ಗಾದಿಯಲ್ಲಿ ಈಗ ಕೂತಿರುವ ದೊಡ್ಡವರು ಆಜ್ಞೆ ಹೊರಡಿಸುವ ಮುಂಚೆ ಒಂದು ಸಲ ನಮ್ಮ ಬ್ರಹ್ಮಗಿರಿಯ ಬಂಡೆಯ ಮೊದಲ ಸಾಲು ಓದಿಕೊಳ್ಳಬೇಕಾಗಿ, ಅಂದರೆ ಹೇಗಿದ್ದೀರಿ ಎಂದು ಒಂದು ಮಾತು ಕೇಳಿ ಆಮೇಲೆ ಕಡ್ಡಾಯ ಎನ್ನಬೇಕಾಗಿ, ತಾವು ಶಿಫಾರಸು ಮಾಡಬೇಕೆಂದು ಕೋರುತ್ತೇನೆ.

ಮಾಳಿಗೆಯ ಮೇಲೆ ಈಗ ನಕ್ಷತ್ರ ಹತ್ತಿತು. ನಮ್ಮನೆಯವರು ಇಳಿಯಲು ಏಣಿ ಹಿಡಿ ಎಂದು ಕೂಗುತ್ತಿದ್ದಾರೆ.

ವಂದನೆಗಳೊಂದಿಗೆ,
ತಮ್ಮ ವಿಧೇಯ,
ಗಣತಿದಾರಳು, ಮೊಳಕಾಲ್ಮೂರು.

ಪ್ರತಿಗಳು, ಮಾಹಿತಿಗಾಗಿ:
ಕುರೇನ್ಯ ಅವರು, ಸುರಿಯದ ಅಧಿಪತಿಗಳು.
ಲಿಪಿಕಾರ ಚಪಡ ಅವರು, ಅಕ್ಷರಗುಂಡು, ಬ್ರಹ್ಮಗಿರಿ.
ಎದುರುಮನೆಯ ಅಜ್ಜ ಅವರಿಗೆ. ಕಣ್ಣು ಮಂಜು, ಓದಲು ಆಗುವುದಿಲ್ಲ. ಬೆಳಿಗ್ಗೆ ಕೇಕು ಕೊಡಲು ಹೋದಾಗ ನಾನೇ ಓದಿ ಹೇಳುತ್ತೇನೆ. ಎರಡು ಕೆ.ಜಿ. ಮೈದಾ ಇನ್ನೂ ಬಾಕಿ ಇದೆ.